ಪೆಟ್ಟಿಗೆಯಲ್ಲಿದ್ದ ಹೆಸರು

ಲಾಂಡ್ರಿ ನಡೆಸುವವರ ಮನೆಯಲ್ಲಿ ಗುರುತಿಲ್ಲದ ಬಟ್ಟೆಗಿಂತ ದೊಡ್ಡ ಅನಾಥ ಇನ್ನೊಂದಿಲ್ಲ. ಆಸ್ಪತ್ರೆಯ ಹೊದಿಕೆ, ವಸತಿಗೃಹದ ದಿಂಬಿನ ಚೀಲ, ವಕೀಲರ ಬಿಳಿ ಅಂಗಿ, ಮನೆಯವರ ಒಳಲಂಗ, ಎಲ್ಲವೂ ಮೇಲು ಕೀಳು ನೋಡದೆ ಒಂದೇ ಹಂಡೆಯಲ್ಲಿ ಕುದಿಯುತ್ತವೆ. ಹೊರಬಂದ ಮೇಲೆ ಯಾವುದು ಯಾರದು ಎಂದು ಹೇಳುವುದು ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ಹೆಸರು ಒಂದೇ. ಆ ಮನೆಯಲ್ಲಿ ಮಗು ಹುಟ್ಟಿದರೂ ಅಷ್ಟೆ, ಅದು ಸರಿಯಾಗಿ ಕಣ್ಣು ಬಿಡುವಷ್ಟರಲ್ಲಿ ಅದರ ಬಟ್ಟೆಬರೆಗೆಲ್ಲ ಹೆಸರು ಬಿದ್ದಿರಬೇಕು. ಇಲ್ಲದಿದ್ದರೆ ಕೂಸಿನ ಕುಲಾವಿ ಹೋಗಿ ಯಾರೋ ದಪ್ಪ ಮೀಸೆಯ ಗಿರಾಕಿಯ ಗಂಟಿನಲ್ಲಿ ಕೂರುವ ಸಂಭವ ಉಂಟು. ಹಾಗೆ ಒಮ್ಮೆ ಕೂತೂ ಇತ್ತು. ಆ ಮೀಸೆಯವರು ಅದನ್ನು ತಂದುಕೊಡುವಾಗ ಅಷ್ಟೊಂದು ನಾಚಿಕೊಂಡಿದ್ದು ಏಕೆಂದು ಯಾರಿಗೂ ಗೊತ್ತಾಗಲಿಲ್ಲ.

ಗುರುತು ಹಾಕುವುದರಲ್ಲಿ ಲಾಂಡ್ರಿಯಕ್ಕನದು ಎತ್ತಿದ ಕೈ. ಬೀದಿಯವರೆಲ್ಲ ಅವಳನ್ನು ಕರೆಯುವುದು ಹಾಗೆಯೇ. ಅವಳ ಗಂಡ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜಿಗೆ ಅಂಟಿಕೊಂಡೇ ಇರುವ ಮನುಷ್ಯ. ಹಿಂದಿನ ಕೋಣೆಯಲ್ಲಿ ಮಡಿಸುವ ಮೇಜಿನ ಮುಂದೆ ಅವಳ ತಾಯಿ, ಇಡೀ ಬೀದಿಗೇ ಅಜ್ಜಿಯಾದವಳು. ಆ ಲಾಂಡ್ರಿ ಅಜ್ಜಿಯ ಅಪ್ಪನ ಕಾಲದ್ದು. ಹಂಡೆ ಮೂರು ಬಾರಿ ಬದಲಾಗಿದೆ, ಯಂತ್ರ ಬಂದಿದೆ, ಅಜ್ಜಿ ಮಾತ್ರ ಕೂತ ಜಾಗ ಬಿಟ್ಟು ಕದಲಿಲ್ಲ.

ಲಾಂಡ್ರಿಯಕ್ಕನ ಒಬ್ಬಳೇ ಮಗಳು ಪುಟ್ಟಿ. ಅವಳು ಗಂಡನ ಊರಿನಲ್ಲಿ ಹೆಣ್ಣುಮಗು ಹೆತ್ತಿದ್ದಳು. ಹೆಸರಿನ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಹಾವು ಮುಂಗುಸಿಯಾಗಿದ್ದರು. ಅವನು ಹೇಳಿದ್ದು ಇವಳಿಗಾಗದು, ಇವಳು ಹೇಳಿದ್ದು ಅವನಿಗಾಗದು. ಕೊನೆಗೆ ಪುಟ್ಟಿ ತಾಯಿಗೆ ಫೋನು ಮಾಡಿ, "ಅಮ್ಮ, ನಮಗೆ ಜಗಳ ಆಡಿ ಆಡಿ ಸಾಕಾಯ್ತು. ಭಾನುವಾರ ಮಗೂನ ಕರ್ಕೊಂಡು ಬರ್ತೀವಿ. ನೀನೇ ಒಂದು ಹೆಸರು ಹೇಳು, ಕಣ್ಣು ಮುಚ್ಚಿಕೊಂಡು ಇಡ್ತೀವಿ," ಅಂದಳು.

ಲಾಂಡ್ರಿಯಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. "ಅಜ್ಜಿ ಹೆಸರು," ಅಂದಳು.

ಪುಟ್ಟಿ ಅದನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿದಳು. "ಹಳೇ ಕಾಲದ್ದಾಯ್ತು. ಆದ್ರೂ ಕೇಳೋಕೆ ಚೆನ್ನಾಗಿದೆ. ಅಜ್ಜೀನ ಕೇಳಿದ್ಯಾ?"

"ಕೇಳೋದೇನು? ಬೇಡ ಅಂತಾಳಾ?"

ತಪ್ಪು ಆದದ್ದು ಅಲ್ಲೇ. ಊರಿನವರ ಕರವಸ್ತ್ರಕ್ಕೂ ಯಜಮಾನರನ್ನು ಕೇಳದೆ ಒಂದು ಹೊಲಿಗೆ ಹಾಕದವಳು ತನ್ನ ತಾಯಿಯನ್ನು ಕೇಳಲಿಲ್ಲ.

ಆ ಹೆಸರಿನ ಮೇಲೆ ಅವಳಿಗೆ ಪ್ರೀತಿ ಹುಟ್ಟಿದ್ದು ಇತ್ತೀಚೆಗೆ. ವಾರಕ್ಕೊಮ್ಮೆ ಅಂಗಿ ತರುವ ಒಬ್ಬರು ನಿವೃತ್ತ ಮೇಷ್ಟ್ರು ಇದ್ದರು. ಹಳೆಯ ಪದಗಳೆಂದರೆ ಅವರಿಗೆ ಪ್ರಾಣ. ಒಂದು ದಿನ ಅಜ್ಜಿಯ ಹೊದಿಕೆಯ ಮೂಲೆಯಲ್ಲಿದ್ದ ನಾಲ್ಕು ಅಕ್ಷರ ನೋಡಿ, "ಈ ಹೆಸರು ಈಗ ಯಾರೂ ಇಡೋಲ್ಲ. ಇದರರ್ಥ ಗೊತ್ತೇನಮ್ಮ ನಿನಗೆ?" ಎಂದು ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಹೆಸರಿಗೂ ಅರ್ಥ ಇರುತ್ತದೆ ಎಂದೇ ಅವಳು ಯೋಚಿಸಿರಲಿಲ್ಲ. ಹೆಸರು ಎಂದರೆ ಬಟ್ಟೆ ಯಾರದೆಂದು ಹೇಳುವ ದಾರ, ಅಷ್ಟೆ. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಹಿಂದೆಲ್ಲ ಮಕ್ಕಳು ಕೈಗೆ ದಕ್ಕುತ್ತಿರಲಿಲ್ಲ, ಹೆತ್ತವರು ಅಂಗಲಾಚುವ ಹಾಗೆ ಹೆಸರಿಡುತ್ತಿದ್ದರು, ಇದೂ ಅಂಥದ್ದೇ, 'ಉಳಿದು ಬಾಳುವವಳು' ಎಂದು ಅರ್ಥ, ಎಂದು ಬಿಡಿಸಿ ಹೇಳಿದರು. ಹಾಗೆ ಹೇಳುತ್ತ ತಮ್ಮ ಅಂಗಿಯ ಕಲೆ ಹೋಗಿಲ್ಲ ಎಂದು ದೂರುವುದನ್ನು ಮರೆತೇಬಿಟ್ಟರು.

ಲಾಂಡ್ರಿಯಕ್ಕನ ಎದೆ ತುಂಬಿಬಂತು. ಅಜ್ಜಿಗೆ ವಯಸ್ಸಾಗಿತ್ತು. ಮೊದಲಿನ ಹಾಗೆ ಹೊದಿಕೆಯ ಎರಡು ತುದಿ ಹಿಡಿದು ಝಾಡಿಸಲು ಕೈ ಏಳುತ್ತಿರಲಿಲ್ಲ. ಇಷ್ಟು ದಿನ ಉಳಿದು ಬಾಳಿದವಳ ಜೊತೆಗೇ ಅವಳ ಹೆಸರೂ ಹೋಗಿಬಿಡುವುದು ಅವಳಿಗೆ ಸಹಿಸಲಾಗದ ಮಾತು. ಹೆಂಗಸರ ಹೆಸರಿನ ಪಾಡು ನೋಡಿ: ಮದುವೆಯ ತನಕ ನಾಲ್ಕು ಜನ ಕರೆಯುತ್ತಾರೆ, ಆಮೇಲೆ ಇವಳೇ, ಅಮ್ಮ, ಅತ್ತೆ, ಅಜ್ಜಿ ಎಂದು ಒಂದೊಂದೇ ಮುಸುಕು ಬೀಳುತ್ತ ಹೋಗಿ, ಕೊನೆಗೆ ಅದು ಹೊದಿಕೆಯ ಮೂಲೆಯಲ್ಲಿ ಮಾತ್ರ ಉಳಿಯುತ್ತದೆ. ಅಮ್ಮನ ಹೆಸರು ಕರೆಯಲು ಒಂದು ಬಾಯಿ, ಕರೆದರೆ ಓಗೊಡಲು ಒಂದು ಬಾಯಿ ಮನೆಯಲ್ಲಿ ಇರಬೇಕು ಎಂದು ಲಾಂಡ್ರಿಯಕ್ಕ ತೀರ್ಮಾನಿಸಿದಳು. ಯಾರಿಗೂ ಹೇಳದೆ ಮೆತ್ತನೆಯ ಬಟ್ಟೆ ತಂದು, ಮೊಮ್ಮಗಳಿಗೆ ಅಂಗಿ, ಕುಲಾವಿ, ಹೊದಿಕೆ, ಸುತ್ತುವ ಬಟ್ಟೆ ಎಂದು ಒಂದು ಗಂಟು ತುಂಬ ಹೊಲಿದಳು. ಪ್ರತಿಯೊಂದರ ಮೂಲೆಗೂ ಅಜ್ಜಿಯ ಹೆಸರು ಹಾಕಿದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ಕೇಳಿದ್ದೆ," ಅಂದ ಗಂಡ, ಇಸ್ತ್ರಿಯಿಂದ ತಲೆಯೆತ್ತದೆ.

"ಕೂಸು ಹುಟ್ಟಿ ಆಗಿದೆ ಕಣ್ರೀ."

"ಹೆಸರು ಹುಟ್ಟಿಲ್ವಲ್ಲ."

ಅವನ ಮಾತನ್ನು ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಗಂಟನ್ನು ತಂದು ಅಜ್ಜಿಯ ಮುಂದೆ ಬಿಚ್ಚಿ, ಒಂದು ಪುಟ್ಟ ಅಂಗಿಯನ್ನು ಎತ್ತಿ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅಭ್ಯಾಸಬಲದಿಂದ ಮೊದಲು ಮೂಲೆಯನ್ನೇ ತಿರುಗಿಸಿದಳು. ಹೆಬ್ಬೆರಳಿನಿಂದ ದಾರ ಸವರಿದಳು. ಮುಖ ಅರಳುತ್ತದೆ ಎಂದು ಕಾಯುತ್ತಿದ್ದ ಲಾಂಡ್ರಿಯಕ್ಕನಿಗೆ ಕಂಡದ್ದು ರಕ್ತ ಇಳಿದುಹೋದ ಮುಖ. ಅಜ್ಜಿ ಒಂದೊಂದೇ ಬಟ್ಟೆ ಎತ್ತಿ ಮೂಲೆ ನೋಡಿದಳು, ಕೆಳಗಿಟ್ಟಳು. ಎಲ್ಲವನ್ನೂ ನೋಡಿ ಮುಗಿಸಿದಳು.

"ಯಾರು ಹಾಕಿದ್ದು ಇದನ್ನ?"

"ನಾನೇ ಅಮ್ಮ. ಪುಟ್ಟಿ ಮಗೂಗೆ ನಿನ್ನ ಹೆಸರೇ ಇಡೋದು ಅಂತ…"

"ಬಿಚ್ಚು."

"ಅಮ್ಮ?"

"ಎಲ್ಲಾ ಬಿಚ್ಚು. ಮಗೂಗೆ ಬೇರೆ ಹೆಸರಿಡ್ಲಿ." ಅಜ್ಜಿ ಪಕ್ಕದ ದಿಂಬಿನ ಚೀಲಗಳ ರಾಶಿಯನ್ನು ಎಳೆದುಕೊಂಡು ಮಡಿಸತೊಡಗಿದಳು. ಆಮೇಲೆ ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ.

ಲಾಂಡ್ರಿಯಕ್ಕನಿಗೆ ಮೊದಲು ದಿಗಿಲಾಯಿತು, ಆಮೇಲೆ ಅಳು ಬಂತು, ಕೊನೆಗೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಕೆಲಸ ಸಲೀಸು. ಹಂಡೆಯ ಮುಚ್ಚಳವನ್ನು ಬೇಕೆಂದೇ ದಡಾರನೆ ಹಾಕಿದಳು, ಕ್ಲಿಪ್ಪುಗಳನ್ನು ಬುಟ್ಟಿಗೆ ಎಸೆದಳು. ತಾಯಿ ಮಗಳು ಇಬ್ಬರೂ ಗಂಡನ ಮೂಲಕವೇ ಮಾತಾಡುವ ಹಾಗಾಯಿತು. "ಗಂಜಿ ಹಾಕಬೇಕಾ ಅಂತ ನಿಮ್ಮತ್ತೇನ ಕೇಳಿ." "ಬೇಡ ಅಂತ ಹೇಳಪ್ಪ ಅವಳಿಗೆ." ಇಬ್ಬರ ನಡುವೆ ಮೂರು ಮೊಳ ದೂರವೂ ಇರಲಿಲ್ಲ. ಆ ಬಡಪಾಯಿ ಇಸ್ತ್ರಿ ಬಿಟ್ಟು ಅಂಚೆಯವನ ಕೆಲಸ ಮಾಡಿದ.

ಅವನೇ ಶನಿವಾರ ಬೆಳಿಗ್ಗೆ ಹೆಂಡತಿಯನ್ನು ಪಕ್ಕಕ್ಕೆ ಕರೆದ. "ನೋಡು ಇವಳೇ, ನಾಳೆ ಮಗು ಬರುತ್ತೆ. ನೀವಿಬ್ಬರೂ ಹೀಗೆ ಮುಖ ಊದಿಸ್ಕೊಂಡು ಕೂತ್ರೆ ಅದು ಬಂದ ದಾರೀಲೇ ವಾಪಸ್ ಹೋಗುತ್ತೆ. ಅತ್ತೆ ಸುಮ್ಸುಮ್ನೆ ಹಠ ಮಾಡೋರಲ್ಲ. ಕೂತು ಕೇಳು. ಕೇಳೋಕೆ ಮುಂಚೆ ಆ ಬಟ್ಟೆಗಳ ದಾರ ಬಿಚ್ಚೋಕೆ ಶುರು ಮಾಡು. ಕೈ ಕೆಲಸದಲ್ಲಿದ್ರೆ ಅವರು ಮಾತಾಡ್ತಾರೆ."

ಇಷ್ಟು ವರ್ಷ ಅತ್ತೆಯ ಜೊತೆ ಒಂದೇ ಸೂರಿನಡಿ ಇದ್ದವನಿಗೆ ಅಷ್ಟಾದರೂ ತಿಳಿದಿರಲೇಬೇಕು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಲಾಂಡ್ರಿಯಕ್ಕ ಗಂಟನ್ನೂ ದಾರ ಕೀಳುವ ಚೂಪುಸೂಜಿಯನ್ನೂ ತಂದು ಮಡಿಸುವ ಮೇಜಿನ ಎದುರು ಬದಿಯಲ್ಲಿ ಕೂತಳು. ಅಂಗಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡಳು. ಅಜ್ಜಿ ನೋಡಿದಳು. ಒಂದಿಷ್ಟು ಹೊತ್ತು ಕರವಸ್ತ್ರಗಳನ್ನು ಮಡಿಸಿದಳು. ಆಮೇಲೆ ಕರವಸ್ತ್ರಗಳಿಗೇ ಹೇಳುವ ಹಾಗೆ ಶುರು ಮಾಡಿದಳು.

"ನನಗಿಂತ ಮುಂಚೆ ನಮ್ಮಮ್ಮಂಗೆ ಒಂದು ಹೆಣ್ಣುಮಗು ಆಗಿತ್ತು. ಆ ಹೆಸರು ಅವಳದ್ದು."

ಲಾಂಡ್ರಿಯಕ್ಕನ ಕೈ ನಿಂತಿತು. ತಾಯಿಗೊಬ್ಬ ಅಕ್ಕ ಇದ್ದಳೆಂದು ಅವಳು ಕೇಳಿದ್ದೇ ಅಂದು.

"ಎಲ್ಲಾ ಬಟ್ಟೆಗೂ ಗುರುತು ಹಾಕಿ ಆಗಿತ್ತಂತೆ. ಒಂದು ಗಂಟು, ಥೇಟ್ ಇದೇ ಥರ. ಮೂರು ತಿಂಗಳಿಗೆ ಜ್ವರ ಬಂತು, ಹೋಯ್ತು ಮಗು. ಬಟ್ಟೆಯೆಲ್ಲ ಪೆಟ್ಟಿಗೇಲಿ ಇಟ್ರು. ಆಮೇಲೆ ನಾನು ಹುಟ್ಟಿದೆ. ಪೆಟ್ಟಿಗೆ ತೆಗೆದ್ರು, ಬಟ್ಟೆ ತೊಡಿಸಿದ್ರು. ಬಟ್ಟೆ ಮೇಲೆ ಏನಿತ್ತೋ ಅದೇ ನನ್ನ ಹೆಸರಾಯ್ತು."

"ಯಾರು ಹೇಳಿದ್ದು ನಿನಗೆ?"

"ನಮ್ಮತ್ತೆ. ಅಪ್ಪನ ತಂಗಿ. ನಾನಾಗ ಇನ್ನೂ ಲಂಗ ಹಾಕೋ ಹುಡುಗಿ. ಇದೇ ಮೇಜಿನ ಹತ್ರ ಬಟ್ಟೆ ಮಡಿಸ್ತಾ ತಮಾಷೆಗೆ ಅಂದ್ಲು. ನಿನ್ನ ಹೆಸರು ಹೊಸದಲ್ಲ ಕಣೇ, ಪೆಟ್ಟಿಗೇಲಿತ್ತು, ದಾರ ಬಿಚ್ಚೋ ಸೋಮಾರಿತನಕ್ಕೆ ನಿಮ್ಮಮ್ಮ ಅದನ್ನೇ ನಿನಗೆ ತೊಡಿಸಿದ್ಲು ಅಂತ. ಅಲ್ಲಿದ್ದೋರೆಲ್ಲ ನಕ್ಕರು. ನಾನೂ ನಕ್ಕೆ." ಅಜ್ಜಿ ಮಡಿಸಿದ ಕರವಸ್ತ್ರವನ್ನು ಬಿಡಿಸಿ ಮತ್ತೆ ಮಡಿಸಿದಳು. "ಅಂಗಿ ಹಳೇದು ಹಾಕ್ಕೊಬಹುದಮ್ಮ. ಅಕ್ಕಂದು ತಂಗಿಗೆ, ಎಲ್ಲರ ಮನೇಲೂ ಇದ್ದಿದ್ದೇ. ಹೆಸರನ್ನೂ ಹಳೇದು ಹಾಕ್ಕೊಂಡು ಓಡಾಡಿದೋಳು ನಾನೊಬ್ಬಳೇ. ಈಗ ಆ ಕೂಸಿಗೂ ಅದನ್ನೇ ಹಾಕ್ತೀಯಾ? ಎರಡು ಜನ ಉಟ್ಟು ಬಿಟ್ಟಿದ್ದನ್ನ?"

ಲಾಂಡ್ರಿಯಕ್ಕನ ಸಿಟ್ಟೆಲ್ಲ ಎತ್ತ ಹೋಯಿತೋ. ಎಷ್ಟೋ ದಶಕ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತನ್ನ ತಾಯಿ ಊರವರ ಬಟ್ಟೆ ಮಡಿಸುತ್ತಿದ್ದಳಲ್ಲ ಎಂದುಕೊಂಡಳು. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಹೇಳಿದಳು. "ಅದರರ್ಥ ಉಳಿದು ಬಾಳುವವಳು ಅಂತ ಅಮ್ಮ. ಮೇಷ್ಟ್ರು ಹೇಳಿದ್ರು. ಅವಳು ಉಳೀಲಿಲ್ಲ, ನೀನು ಉಳಿದೆ. ಹಾಗಾದ್ರೆ ಆ ಹೆಸರು ಯಾರದ್ದಾಯ್ತು ಹೇಳು."

"ಮಾತು ಚೆನ್ನಾಗಿದೆ," ಅಂದಳು ಅಜ್ಜಿ. "ಗೋಡೆ ಮೇಲೆ ಬರೆಸು."

ಲಾಂಡ್ರಿಯಕ್ಕ ನಾಲಿಗೆ ಕಚ್ಚಿಕೊಂಡು ಕೆಲಸಕ್ಕೆ ತಲೆ ಬಗ್ಗಿಸಿದಳು. ಮೊದಲ ಅಕ್ಷರದ ಗಂಟಿನ ಕೆಳಗೆ ಸೂಜಿ ತೂರಿಸಿ ಎತ್ತಿದಳು. ದಾರ ಸರಸರನೆ ಬಂತು. ಎರಡನೆಯ ಅಂಗಿ, ಆಮೇಲೆ ಕುಲಾವಿ. ಇದು ಆ ಮನೆಯಲ್ಲಿ ಎಲ್ಲಕ್ಕಿಂತ ಹಗುರವಾದ ಕೆಲಸ. ವಸತಿಗೃಹದ ಯಜಮಾನರು ಬದಲಾದರೆ, ಗಿರಾಕಿಗಳು ಬಟ್ಟೆ ಮಾರಿದರೆ, ರಾಶಿಗಟ್ಟಲೆ ಹೊದಿಕೆಗಳ ಹಳೆಯ ಹೆಸರು ಕಿತ್ತು ಹೊಸದು ಹಾಕಬೇಕಾಗುತ್ತದೆ. ಹರಟೆ ಹೊಡೆಯುತ್ತ, ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟು ಮಾಡುವ ಕೆಲಸ. ಹಾಲು ಉಕ್ಕುವಷ್ಟರಲ್ಲಿ ಇಂಥ ಒಂದು ಗಂಟು ಮುಗಿದಿರುತ್ತದೆ.

ನಾಲ್ಕನೆಯ ಬಟ್ಟೆಗೆ ಸೂಜಿ ಹಾಕಿದವಳು ಹಾಗೇ ಕೈ ತಡೆದಳು.

"ಅಮ್ಮ, ನಿಮ್ಮಮ್ಮ ಈ ಕೆಲಸ ಮಾಡ್ತಿದ್ಲಾ? ಬಿಚ್ಚೋ ಕೆಲಸ?"

"ಅವಳಲ್ದೆ ಇನ್ಯಾರು ಮಾಡ್ತಿದ್ರು. ಆಸ್ಪತ್ರೆ ಬಟ್ಟೆಯೆಲ್ಲ ಅವಳದ್ದೇ. ಕಣ್ಣು ಮುಚ್ಚಿಕೊಂಡು ಬಿಚ್ಚೋಳು. ಅವಳ ಕೈ ಅಷ್ಟು ಚುರುಕು."

"ಹಾಗಾದ್ರೆ ಒಂದು ಗಂಟು ಕೂಸಿನ ಬಟ್ಟೆ ಬಿಚ್ಚೋಕೆ ಅವಳಿಗೆ ಎಂಥಾ ಸೋಮಾರಿತನ?"

ಅಜ್ಜಿ ತಲೆಯೆತ್ತಿದಳು. ಲಂಗ ಹಾಕುವ ವಯಸ್ಸಿನಲ್ಲಿ ಕೇಳಿದ ಮಾತನ್ನು ಯಾರೂ ಮುದುಕರಾದ ಮೇಲೆ ಕೂತು ಪರೀಕ್ಷೆ ಮಾಡುವುದಿಲ್ಲ. ಅದು ಕಲ್ಲಿನ ಹಾಗೆ ಬಿದ್ದಲ್ಲೇ ಬಿದ್ದಿರುತ್ತದೆ. ಜೀವಮಾನವಿಡೀ ತಾನೇ ಈ ದಾರ ಬಿಚ್ಚುತ್ತ ಬಂದ ಅಜ್ಜಿಗೂ ಇದು ಹೊಳೆದಿರಲಿಲ್ಲ. ಅವಳು ಮಗಳ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು, ಮೇಜಿನ ಮೇಲೆ ಬಿದ್ದಿದ್ದ ಕೆಂಪು ದಾರದ ಚೂರುಗಳನ್ನು ನೋಡಿದಳು.

"ಅವಳಿಗೆ ಬಿಚ್ಚೋಕೆ ಆಗ್ಲಿಲ್ಲ ಅಮ್ಮ," ಅಂದಳು ಲಾಂಡ್ರಿಯಕ್ಕ ಮೆಲ್ಲಗೆ. "ಸೋಮಾರಿತನ ಅಲ್ಲ ಅದು. ಸೂಜಿ ಹಿಡಿದುಕೊಂಡು ಕೂತಿರ್ತಾಳೆ, ಕೈ ಬಂದಿರಲ್ಲ."

ಅಜ್ಜಿ ದಾರದ ಒಂದು ಚೂರನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು. ಮುಂದಿನ ಕೋಣೆಯಲ್ಲಿ ಯಾರೋ ಬಂದು ಪ್ಯಾಂಟು ಆಗಿದೆಯಾ ಎಂದು ಕೇಳಿದರು, ಗಂಡ ಸಂಜೆ ಬನ್ನಿ ಎಂದು ಸಾಗಹಾಕಿದ.

"ಅದಕ್ಕೇ ಇರಬೇಕು," ಅಂದಳು ಅಜ್ಜಿ ಕೊನೆಗೆ. "ನಮ್ಮಮ್ಮ ನನ್ನ ಯಾವತ್ತೂ ಹೆಸರು ಹಿಡಿದು ಕರೀಲಿಲ್ಲ. ಬಾ ಇಲ್ಲಿ, ನೋಡಿಲ್ಲಿ, ಮಗಾ. ಅಷ್ಟೇ. ಅಪ್ಪ ಕರೀತಿದ್ರು, ಅತ್ತೆ ಕರೀತಿದ್ಲು, ಬೀದಿಯೋರು ಕರೀತಿದ್ರು. ಅವಳ ಬಾಯಲ್ಲಿ ಮಾತ್ರ ಬರ್ಲಿಲ್ಲ. ನಾನಂದ್ರೆ ಅವಳಿಗೆ ಆಗಲ್ಲ ಅಂದ್ಕೊಂಡಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದೇ ಒಂದು ದಿನ ಕರೆದ್ಲು. ಹೋಗೋ ದಿನ. ನಾನು ಕಾಲ ಹತ್ರ ಕೂತಿದ್ದೆ. ಕಣ್ಣು ಮುಚ್ಚಿತ್ತು. ಅಂಗಳದಲ್ಲಿ ಆಡ್ತಿರೋ ಮಗೂನ ಊಟಕ್ಕೆ ಕರೀತಾರಲ್ಲ, ಹಾಗೆ ಜೋರಾಗಿ ಆ ಹೆಸರು ಕೂಗಿದ್ಲು. ನನಗೆ ಗೊತ್ತಾಗ್ಲಿಲ್ಲ ಕಣೇ. ನನ್ನ ಕರೆದ್ಲೋ, ಅವಳನ್ನ ಕರೆದ್ಲೋ. ಅವಳನ್ನ ಕರೀತಿದ್ರೆ ನಡುವೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನೆ ಕೂತೆ. ಇನ್ನೊಂದ್ಸಲ ಕರೆದ್ಲು. ಆಗ್ಲೂ ನಾನು ಓ ಅನ್ನಲಿಲ್ಲ. ಆಮೇಲೆ ಕರೀಲಿಲ್ಲ."

ನಿನ್ನನ್ನೇ ಕರೆದದ್ದು ಎಂದು ಹೇಳಲು ಬಾಯಿ ತೆರೆದ ಲಾಂಡ್ರಿಯಕ್ಕ ಮುಚ್ಚಿಕೊಂಡಳು. ಅವಳಿಗೇನು ಗೊತ್ತು. ಅವಳು ಗಂಟಿನ ಅರ್ಧವನ್ನು ತಾಯಿಯ ಕಡೆ ತಳ್ಳಿದಳು. ಅಜ್ಜಿ ಇನ್ನೊಂದು ಸೂಜಿ ತೆಗೆದುಕೊಂಡಳು. ಇಬ್ಬರೂ ಕೂತು ಎಲ್ಲವನ್ನೂ ಬಿಚ್ಚಿದರು, ಒಂದನ್ನೂ ಬಿಡಲಿಲ್ಲ.

ಭಾನುವಾರ ಪುಟ್ಟಿ ಗಂಡ ಮಗುವಿನೊಂದಿಗೆ ಬಂದಿಳಿದಳು. ಲಾಂಡ್ರಿಯಕ್ಕ ಮಗಳನ್ನು ಬಾಗಿಲಲ್ಲೇ ತಡೆದು ಇರುವುದನ್ನು ಇರುವ ಹಾಗೆ ಹೇಳಿದಳು. ಪುಟ್ಟಿ ಕಣ್ಣು ಒರೆಸಿಕೊಂಡು ನೇರ ಒಳಗೆ ಹೋಗಿ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿದಳು. ಮಗು ಅಜ್ಜಿಯ ಬೆರಳು ಹಿಡಿದುಕೊಂಡು ಬಾಯಿಗೆ ಎಳೆದುಕೊಳ್ಳಲು ನೋಡಿತು. ಅಜ್ಜಿ ಸೋಪಿನ ಕೈ ಎಂದು ಹಿಂದಕ್ಕೆಳೆದುಕೊಂಡಳು. ಜಗಳದ ಹೆಸರುಗಳಲ್ಲೇ ಒಂದಕ್ಕೆ ಗಂಡ ಹೆಂಡತಿ ಒಪ್ಪಿಕೊಂಡರು. ಅದು ತಾನು ಹೇಳಿದ್ದೇ ಎಂದು ಇಬ್ಬರೂ ವಾದಿಸಿದರು.

"ಇದು ಯಾರದ್ದಾದ್ರೂ ಹೆಸರಾ?" ಎಂದು ಕೇಳಿದಳು ಅಜ್ಜಿ. "ನಿಮ್ಮ ಕಡೆ ಯಾರಿಗಾದ್ರೂ ಇತ್ತಾ?"

"ಇಲ್ಲ ಅಜ್ಜಿ. ನಮ್ಮಲ್ಲಿ ಯಾರಿಗೂ ಇರ್ಲಿಲ್ಲ. ಇವಳಿಗೇ ಮೊದಲು."

"ಹಾಗಾದ್ರೆ ಸರಿ." ಅಜ್ಜಿ ಮಗುವನ್ನು ಪುಟ್ಟಿಯ ಕೈಗೆ ಕೊಟ್ಟು ತಾನೇ ಸೂಜಿಗೆ ದಾರ ಪೋಣಿಸಿದಳು. ಕಣ್ಣು ಮಂಜು, ನಾಲ್ಕು ಸಲ ತಪ್ಪಿತು, ಯಾರಿಗೂ ಕೊಡಲಿಲ್ಲ. ಒಂದು ಅಂಗಿಗೆ ಮೊದಲ ಗುರುತು ತಾನೇ ಹಾಕಿದಳು. ಅಕ್ಷರ ಒಂದಿಷ್ಟು ಸೊಟ್ಟಗಿತ್ತು.

ಊಟವಾದ ಮೇಲೆ ಅಜ್ಜಿ ಹಿತ್ತಲಿಗೆ ಹೋದಳು. ಒಣಗಿದ ಹೊದಿಕೆಗಳು ಹಗ್ಗದ ಉದ್ದಕ್ಕೂ ತೂಗುತ್ತಿದ್ದವು. ಅವುಗಳ ನಡುವೆ ಅಜ್ಜಿಯ ಬೆನ್ನು ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಒಳಗಿನಿಂದ ಪುಟ್ಟಿ ಅಜ್ಜಿ ಎಲ್ಲಿ ಎಂದು ಕೇಳುತ್ತಿದ್ದಳು, ಲಾಂಡ್ರಿಯಕ್ಕನ ಗಂಡ ಅತ್ತೆ ಎಲ್ಲಿ ಎಂದು ಕೇಳುತ್ತಿದ್ದ. ಹುಡುಕುತ್ತ ಬಂದ ಲಾಂಡ್ರಿಯಕ್ಕ ಹಿತ್ತಲ ಬಾಗಿಲಲ್ಲಿ ನಿಂತಳು. ಅಮ್ಮ ಎಂದು ಕರೆಯಲು ಹೊರಟವಳು ತಡೆದಳು. ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆಯುವ ಮಕ್ಕಳಿಗೆ ಎಂಥ ಬೈಗುಳ ಬೀಳುತ್ತದೆ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವಷ್ಟು ಜೋರಾಗಿ, ಅವಳು ತಾಯಿಯ ಹೆಸರು ಹಿಡಿದು ಕರೆದಳು.

ಒಳಗೆ ಮಾತು ನಿಂತಿತು. ಹೊದಿಕೆಗಳ ನಡುವೆ ಅಜ್ಜಿಯ ಕೈ ಹಗ್ಗದ ಮೇಲೆಯೇ ಉಳಿಯಿತು. ಅವಳು ತಿರುಗಲಿಲ್ಲ.

"ಯಾರನ್ನ ಕರೆದೆ?"

"ನಿನ್ನನ್ನೇ ಅಮ್ಮ."

ಗಾಳಿಗೆ ಹೊದಿಕೆಯೊಂದು ಅಡ್ಡ ಬಂತು. ಅದರ ಆಚೆಯಿಂದ ಅಜ್ಜಿ, "ಓ," ಅಂದಳು.